ಹಳೆಯ ರಿಸೀವರ್ ಗುಜರಿಗೆ ಹಾಕುವ ಮುನ್ನ ಕೆಂಪು ಬೆಳಕು ನೋಡಿ

ಕಳೆದ ಮಳೆಗಾಲದಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿ ಪರಿಚಯದ ಹಿರಿಯರೊಬ್ಬರ ಮನೆಗೆ ಹೋಗಿದ್ದೆ. ಇಪ್ಪತ್ತು ವರ್ಷ ಹಾಡಿದ ಅವರ ರಿಸೀವರ್, ಅಂದರೆ ಸ್ಪೀಕರ್‌ಗಳನ್ನು ನಡೆಸುವ ಆಂಪ್ಲಿಫೈಯರ್ ಪೆಟ್ಟಿಗೆ, ಬಾಗಿಲ ಬದಿಗೆ ಬಂದು ಕೂತಿತ್ತು. ಅದರಲ್ಲಿ ಹಾಡು ಕೇಳಿಸಲು ಮಗ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ತಂದು, ಅದಕ್ಕೆ ಡಿಜಿಟಲ್ ಆಡಿಯೊ ಕಾರ್ಡ್ ಕೂರಿಸಿ, ಬೆಳಕಿನ ರೂಪದಲ್ಲಿ ಸದ್ದು ಸಾಗಿಸುವ ಆಪ್ಟಿಕಲ್ ಕೇಬಲ್ ಮೂರನ್ನು ಬದಲಿಸಿ ನೋಡಿದ್ದ. ಸದ್ದಿಲ್ಲ. ರಿಸೀವರ್ ಕೆಟ್ಟಿದೆ ಎಂದು ತೀರ್ಮಾನವಾಗಿತ್ತು. "ಕಾಕಾ, ಆ ಕೇಬಲ್ ಒಮ್ಮೆ ಕೊಡಿ" ಎಂದು ಇಸಿದುಕೊಂಡು ನೋಡಿದರೆ, ತುದಿಯಲ್ಲಿ ಕಾರ್ಖಾನೆಯಿಂದ ಬಂದ ಪಾರದರ್ಶಕ ಪ್ಲಾಸ್ಟಿಕ್ ಟೊಪ್ಪಿಗೆ ಹಾಗೆಯೇ ಇದೆ. ಉಳಿದೆರಡರಲ್ಲೂ ಇತ್ತು. ಉಗುರಿನಿಂದ ಎಳೆದು ತೆಗೆದು ಒತ್ತಿದೆ. ಪ್ಲಗ್ 'ಟಕ್' ಎಂದು ಕೂತಿತು.

ಈ ತಪ್ಪನ್ನು ನಾನು ಇನ್ನೂ ಹಲವು ಮನೆಗಳಲ್ಲಿ ಕಂಡಿದ್ದೇನೆ. ಆದ್ದರಿಂದ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು ಕಿಂಡಿ ಗುರುತಿಸಿ. ರಿಸೀವರ್ ಹಿಂಭಾಗದಲ್ಲಿ ಚೌಕಾಕಾರದ, ಪುಟ್ಟ ಮುಚ್ಚಳವಿರುವ ಕಿಂಡಿಯೇ ಆಪ್ಟಿಕಲ್. ಕಿತ್ತಳೆ ಬಣ್ಣದ ದುಂಡನೆಯದು ಕೋಆಕ್ಸಿಯಲ್, ಅದೇ ಡಿಜಿಟಲ್ ಸಂಕೇತವನ್ನು ಲೋಹದ ವೈರ್‌ನಲ್ಲಿ ತರುವ ಕಿಂಡಿ. ಪೈನ ಇಯರ್‌ಫೋನ್ ಕಿಂಡಿಯಿಂದ ವೈರ್ ಎಳೆದು ಈ ಕಿತ್ತಳೆ ಕಿಂಡಿಗೆ ಸಿಕ್ಕಿಸುವವರಿದ್ದಾರೆ. ಅದು ಅನಲಾಗ್ ಸಂಕೇತ, ಇಲ್ಲಿ ಕೆಲಸಕ್ಕೆ ಬಾರದು. ಪೈಗೆ ಆಪ್ಟಿಕಲ್ ಕಿಂಡಿ ಹುಟ್ಟಿನಿಂದ ಇಲ್ಲ. ನಲವತ್ತು ಪಿನ್ನಿನ ಮೇಲೆ ಕೂರುವ ಕಾರ್ಡ್ ಅಥವಾ ಯುಎಸ್‌ಬಿ ಪರಿವರ್ತಕ ಬೇಕು. ಎಚ್‌ಡಿಎಂಐಯಿಂದ ಸದ್ದು ಬೇರ್ಪಡಿಸುವ ಅಗ್ಗದ ಡಬ್ಬಿಗಳೂ ಸಿಗುತ್ತವೆ, ನಾನು ಅವನ್ನು ಶಿಫಾರಸು ಮಾಡುವುದಿಲ್ಲ. ಆ ಡಬ್ಬಿಯ ಬದಿಯ ಪುಟ್ಟ ಸ್ವಿಚ್ ತಪ್ಪು ಜಾಗದಲ್ಲಿದ್ದರೆ ಪೈಗೆ ಟಿವಿಯ ಸಾಮರ್ಥ್ಯ ಕಾಣುತ್ತದೆಯೇ ಹೊರತು ರಿಸೀವರ್‌ನದಲ್ಲ. ಈಗಾಗಲೇ ಕೊಂಡಿದ್ದರೆ ಸ್ವಿಚ್ಚನ್ನು ಎರಡು ಚಾನೆಲ್‌ಗೆ ಸರಿಸಿ ಪ್ರಯತ್ನಿಸಿ.

ಕೆಂಪು ಬೆಳಕಿನ ಪರೀಕ್ಷೆ. ಹಾಡು ಹಾಕಿ, ಕೇಬಲ್ಲನ್ನು ರಿಸೀವರ್ ಕಡೆಯಿಂದ ಕಳಚಿ, ಕೋಣೆಯ ದೀಪ ಆರಿಸಿ, ತುದಿಯನ್ನು ಅಂಗೈಗೆ ಹಿಡಿಯಿರಿ. ಕೆಂಪು ಚುಕ್ಕೆ ಬಿದ್ದರೆ ಕಾರ್ಡ್ ಮತ್ತು ಕೇಬಲ್ ಎರಡಕ್ಕೂ ಜೀವವಿದೆ. ಬೀಳದಿದ್ದರೆ ರಿಸೀವರ್ ಮುಟ್ಟಲೇಬೇಡಿ, ತೊಂದರೆ ಈಚೆಗಿದೆ. ಪೈನ ವಿದ್ಯುತ್ ತೆಗೆದು, ಕಾರ್ಡ್ ಒಂದು ಸಾಲು ಪಿನ್ ಬಿಟ್ಟು ಕೂತಿಲ್ಲವೇ ನೋಡಿ. ಆಮೇಲೆ ಕಾರ್ಡ್‌ನ ಕೈಪಿಡಿ ಹೇಳುವ ಸಾಲನ್ನು ಪೈ ಆರಂಭವಾಗುವಾಗ ಓದುವ ಕಾನ್ಫಿಗ್ ಕಡತದಲ್ಲಿ ಸೇರಿಸಿದ್ದೀರಾ ಎಂದು ಪರಿಶೀಲಿಸಿ. 2023ರ ರಾಸ್ಪ್‌ಬೆರಿ ಪೈ ಓಎಸ್‌ನಿಂದೀಚೆಗೆ ಆ ಕಡತ ಬೂಟ್ ಫೋಲ್ಡರಿನ ಒಳಗಿನ ಫರ್ಮ್‌ವೇರ್ ಫೋಲ್ಡರಿಗೆ ಹೋಗಿದೆ. ಹಳೆಯ ಸೂಚನೆ ನಂಬಿ ಹೊರಗಿನ ಕಡತ ತಿದ್ದಿದವರ ಕಾರ್ಡ್ ಏಳುವುದೇ ಇಲ್ಲ.

ಕೋಆಕ್ಸಿಯಲ್ ಆದರೆ 75 ಓಮ್‌ನ ವೈರ್ ಬೇಕು. ಹಳೆಯ ಡಿವಿಡಿ ಪ್ಲೇಯರ್ ಜೊತೆ ಬಂದ ಹಳದಿ ವಿಡಿಯೊ ವೈರ್ ಸಾಕು, ದುಬಾರಿ ಬಂಗಾರದ ಲೇಪದ್ದು ಬೇಡ. ನಮ್ಮ ಊರಿನ ಮಳೆಗಾಲದ ತೇವಕ್ಕೆ ಈ ಕಿಂಡಿಗಳು ಮಂಕಾಗುತ್ತವೆ, ಒಣ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿ. ಸ್ಪೀಕರಿನಲ್ಲಿ 'ಹುಂ' ಎನ್ನುವ ಗುಂಯ್ಗುಡುವಿಕೆ ಇದ್ದರೆ ಆಪ್ಟಿಕಲ್ಲಿಗೆ ಬದಲಾಯಿಸಿ. ಅದರಲ್ಲಿ ಹರಿಯುವುದು ಬೆಳಕು, ಎರಡು ಯಂತ್ರಗಳ ನಡುವೆ ವಿದ್ಯುತ್ ಸಂಪರ್ಕವೇ ಇರುವುದಿಲ್ಲ.

ತೊಂದರೆಯ ನಿಜವಾದ ಜಾಗ: ದರ ಮತ್ತು ರೂಪ. ಟೊಪ್ಪಿಗೆ ತೆಗೆದ ಮೇಲೂ ಕಾಕಾ ಅವರ ಮನೆಯಲ್ಲಿ ಸದ್ದು ಬರಲಿಲ್ಲ. ರಿಸೀವರ್ ಮುಖದ 'ಡಿಜಿಟಲ್' ದೀಪ ಮಿಟುಕುತ್ತಿತ್ತು, ನಿಲ್ಲುತ್ತಿರಲಿಲ್ಲ. ಆ ಮಿಟುಕನ್ನು ಗಮನಿಸಿ. ಸಂಕೇತ ಬರುತ್ತಿದೆ, ಆದರೆ ಯಂತ್ರಕ್ಕೆ ಅದನ್ನು ಹಿಡಿಯಲಾಗುತ್ತಿಲ್ಲ ಎಂದರ್ಥ. ಮಗ ಒಳ್ಳೆಯ ಗುಣಮಟ್ಟ ಸಿಗಲಿ ಎಂದು ಸ್ಯಾಂಪ್ಲಿಂಗ್ ದರವನ್ನು (ಸೆಕೆಂಡಿಗೆ ಸದ್ದನ್ನು ಎಷ್ಟು ಸಲ ಅಳೆಯುತ್ತದೆ ಎಂಬ ಲೆಕ್ಕ) 192 ಕಿಲೊಹರ್ಟ್ಜ್‌ಗೆ ಏರಿಸಿದ್ದ. ಆ ಕಾಲದ ರಿಸೀವರ್‌ಗಳು 32, 44.1, 48ನ್ನು ಹಿಡಿಯುತ್ತವೆ, ಕೆಲವು 96ನ್ನು. 192 ಅವಕ್ಕೆ ನಿಲುಕದು. 48ಕ್ಕೆ ಇಳಿಸಿದೆ, ದೀಪ ನಿಂತಿತು.

ಇನ್ನೊಂದು ಮಿತಿಯಿದೆ. ಈ ಡಿಜಿಟಲ್ ಸಂಪರ್ಕದಲ್ಲಿ ಸಂಕುಚಿತಗೊಳಿಸದ ಸದ್ದು ಎರಡು ಚಾನೆಲ್ ಮಾತ್ರ ಸಾಗುತ್ತದೆ. ಐದು ಸ್ಪೀಕರ್ ಮೊಳಗಬೇಕಾದರೆ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ರೂಪದಲ್ಲೇ ಕಳಿಸಬೇಕು. ಪೈನಲ್ಲಿ ಹಾಡು, ಸಿನಿಮಾ ಹಾಕುವ ಕೋಡಿ ಎಂಬ ತಂತ್ರಾಂಶ ಬಳಸುವವರು ಚಾನೆಲ್ ಸಂಖ್ಯೆಯನ್ನು 2.0 ಎಂದೇ ಇಟ್ಟು, ಸದ್ದನ್ನು ಬಿಡಿಸದೆ ಹಾಗೆಯೇ ರಿಸೀವರ್‌ಗೆ ದಾಟಿಸುವ ಪಾಸ್‌ಥ್ರೂ ಆನ್ ಮಾಡಿ, ಆ ಎರಡಕ್ಕೆ ಮಾತ್ರ ಗುರುತು ಹಾಕಿ. ಡಾಲ್ಬಿ ಡಿಜಿಟಲ್ ಪ್ಲಸ್, ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಈ ತಂತಿಯಲ್ಲಿ ಹೋಗುವುದಿಲ್ಲ. ಸ್ಪೀಕರಿನಿಂದ ತಗಡಿನ ಮೇಲೆ ಮಳೆ ಬಿದ್ದಂಥ ಸದ್ದು ಬಂದರೆ ರಿಸೀವರ್ ಪಿಸಿಎಂ (ಸಂಕುಚಿತಗೊಳಿಸದ ಸದ್ದು) ಎಂಬಲ್ಲಿ ಬಿಗಿದುಕೊಂಡಿದೆ, ಆಟೊಗೆ ತಿರುಗಿಸಿ. ಪರೀಕ್ಷಿಸುವಾಗ ವಾಲ್ಯೂಮ್ ತಗ್ಗಿಸಿಯೇ ಇರಲಿ. ಆ ಸದ್ದಿಗೆ ಟ್ವೀಟರ್ (ಕೀರಲು ಸ್ವರದ ಪುಟ್ಟ ಸ್ಪೀಕರ್) ಸುಡಬಹುದು. ಪಾಸ್‌ಥ್ರೂನಲ್ಲಿ ಪೈನ ವಾಲ್ಯೂಮ್ ಕೆಲಸ ಮಾಡದಿರುವುದು ದೋಷವಲ್ಲ, ಅದು ಹಾಗೆಯೇ ಇರಬೇಕು.

ದರ ಸರಿಯಿದ್ದೂ ಮೌನವಾದರೆ ಪೈನ ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ಎಂಬ ವಾಲ್ಯೂಮ್ ಪಟ್ಟಿ ತೆರೆದು ನೋಡಿ. ಪಟ್ಟಿಯ ಕೆಳಗೆ ಎರಡು 'ಎಂ' ಅಕ್ಷರ ಕಂಡರೆ ಬಾಯಿ ಮುಚ್ಚಿದೆ ಎಂದು ಅರ್ಥ, 'ಎಂ' ಕೀಲಿ ಒತ್ತಿದರೆ ತೆರೆಯುತ್ತದೆ. ಹಾಗೆಯೇ ರಿಸೀವರ್‌ನಲ್ಲಿ ನೀವು ಆರಿಸಿದ 'ಡಿವಿಡಿ' ಅಥವಾ 'ಸಿಡಿ' ಗುಂಡಿಗೆ ಆಪ್ಟಿಕಲ್ ಕಿಂಡಿ ಜೋಡಣೆಯಾಗಿದೆಯೇ ನೋಡಿ.

ಮಧ್ಯೆ ಮಧ್ಯೆ ತುಂಡಾದರೆ ಪವರ್ ಅಡಾಪ್ಟರ್ ಸಂಶಯಿಸಿ. ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಬಂದರೆ ಅದೇ ಕಾರಣ. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಬೇಕು. ಮೊಬೈಲ್ ಚಾರ್ಜರ್ ನೆಚ್ಚಿಕೊಳ್ಳಬೇಡಿ.

ಪರೀಕ್ಷೆಗೆ ಡೋಲು-ತಮಟೆಯ ಹಾಡು ಆರಿಸಬೇಡಿ, ಅದರಲ್ಲಿ ತುಂಡಾದದ್ದು ಕಿವಿಗೆ ಬೀಳುವುದಿಲ್ಲ. ಕಾಕಾ ಆರಿಸಿದ್ದು 1924ರಲ್ಲಿ ನಮ್ಮ ಸುಳೇಭಾವಿಯಲ್ಲೇ ಹುಟ್ಟಿದ ಕುಮಾರ ಗಂಧರ್ವರ ಧ್ವನಿಮುದ್ರಣವನ್ನು. ತಂಬೂರಿಯ ನಾದದಲ್ಲಿ ಒಂದು ಕೂದಲೆಳೆ ತಪ್ಪಿದರೂ ತಿಳಿಯುತ್ತದೆ. ತಿಳಿಯಿತು ಕೂಡ: ರಿಸೀವರ್ ಒಳಗೆ 'ಟಿಕ್' ಎಂದು ರಿಲೇ ಬಿದ್ದ ಮೇಲೆ ಹಾಡು ಆರಂಭವಾಗುತ್ತಿತ್ತು, ಮೊದಲ ಸ್ವರವೇ ಹೋಗಿರುತ್ತಿತ್ತು. ಹಾಡು ನಿಂತಾಗಲೆಲ್ಲ ಪೈ ಸಂಕೇತ ನಿಲ್ಲಿಸುತ್ತದೆ. ಹಳೆಯ ರಿಸೀವರ್ ಅದನ್ನು ಮತ್ತೆ ಹಿಡಿಯಲು ಕ್ಷಣಕಾಲ ತೆಗೆದುಕೊಳ್ಳುತ್ತದೆ. ಕೋಡಿಯ ಆಡಿಯೊ ಸೆಟ್ಟಿಂಗ್‌ನಲ್ಲಿ ಸಾಧನವನ್ನು ಸದಾ ಜೀವಂತವಾಗಿಡುವ ಆಯ್ಕೆಯಿದೆ. ಅದನ್ನು 'ಯಾವಾಗಲೂ' ಎಂದು ಬದಲಿಸಿ ಮತ್ತೆ ಹಾಕಿದೆ. ಈ ಸಲ ತಂಬೂರಿ ಮೊದಲ ಮೀಟಿನಿಂದಲೇ ಕೇಳಿತು. ಕಾಕಾ ಎದ್ದು ಹೋಗಿ ರಿಸೀವರ್ ಮೇಲಿನ ಧೂಳು ಒರೆಸತೊಡಗಿದರು.