ಶೋ ಬಿಟ್ಟಾಗ ಬಾಗಿಲಲ್ಲಿ ನಿಂತು ಕೇಳಿದ ಮೂರು ಪ್ರಶ್ನೆಗಳು

ಚಲನಚಿತ್ರ ವಿಮರ್ಶೆ ಬರೆಯಲು ತೊಡಗಿದ ಮೊದಲ ವರ್ಷಗಳಲ್ಲಿ, ನಾನು ಬರೆದದ್ದನ್ನು ಓದಿದವರು ಅದರಂತೆ ನಡೆಯುತ್ತಾರೆ ಎಂಬ ನಂಬಿಕೆ ನನ್ನಲ್ಲಿ ಗಟ್ಟಿಯಾಗಿತ್ತು. ಮೆಚ್ಚಿದ ಚಿತ್ರ ನಾಲ್ಕು ವಾರ ಓಡಿದರೆ ಅದರಲ್ಲಿ ನನ್ನದೂ ಒಂದು ಪಾಲಿದೆ ಎಂದುಕೊಳ್ಳುತ್ತಿದ್ದೆ. ಮೆಚ್ಚದ ಚಿತ್ರ ಎರಡನೆಯ ವಾರಕ್ಕೆ ಎತ್ತಂಗಡಿಯಾದರೆ ಓದುಗರ ಒಂದು ಸಂಜೆ ವ್ಯರ್ಥವಾಗದಂತೆ ನೋಡಿಕೊಂಡೆ ಎಂದು ಸಮಾಧಾನಪಡುತ್ತಿದ್ದೆ. ಈ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು ಒಬ್ಬ ದೊಡ್ಡ ತಾರೆಯ ಚಿತ್ರ ಬಿಡುಗಡೆಯಾದ ಮರುದಿನ. ಅಂದಿನ ಬೆಳಗಿನ ಪತ್ರಿಕೆಯಲ್ಲಿ ಆ ಚಿತ್ರದ ಬಗ್ಗೆ ಕಟುವಾಗಿ ಬರೆದಿದ್ದೆ. ಸಂಜೆ ಅದನ್ನೇ ಜನರ ನಡುವೆ ಕುಳಿತು ಇನ್ನೊಮ್ಮೆ ನೋಡೋಣವೆಂದು ಹೋದರೆ ಉಳಿದಿದ್ದದ್ದು ಮುಂದಿನ ಸಾಲಿನ ಕೊನೆಯ ಸೀಟೊಂದೇ. ಪಕ್ಕದಲ್ಲಿದ್ದ ಹಿರಿಯರ ಕೈಯಲ್ಲಿ ಅದೇ ಪತ್ರಿಕೆ ಮಡಿಚಿಟ್ಟುಕೊಂಡದ್ದು ಕಂಡು, ನಾನು ಯಾರೆಂದು ಹೇಳದೆ, ವಿಮರ್ಶೆ ಓದಿದಿರಾ ಎಂದು ಕೇಳಿದೆ. "ಓದಿದೆ ಸರ್, ಸರಿಯಾಗಿಯೇ ಬರೆದಿರಬಹುದು. ಆದರೆ ಮಗ ಟಿಕೆಟ್ ಬುಕ್ ಮಾಡಿದ್ದು ಬುಧವಾರ" ಎಂದರು.

ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಮರುವಾರವೇ ಒಂದು ನೋಟ್‌ಬುಕ್ ಇಟ್ಟೆ. ವಿಮರ್ಶೆ ಬರೆದು ಕಳುಹಿಸಿದ ಕೂಡಲೇ, ಚಿತ್ರ ಎಷ್ಟು ವಾರ ನಿಲ್ಲಬಹುದೆಂಬ ನನ್ನ ಅಂದಾಜನ್ನು ಅದರಲ್ಲಿ ಗುರುತು ಮಾಡುತ್ತಿದ್ದೆ. ಬಿಡುಗಡೆಯ ದಿನ, ಅನಂತರದ ಸೋಮವಾರ ಮತ್ತು ಎರಡನೆಯ ಶುಕ್ರವಾರ ಆ ಚಿತ್ರಕ್ಕೆ ಎಷ್ಟು ಶೋಗಳು ಉಳಿದಿವೆ ಎಂದು ಎಣಿಸಿ ಪಕ್ಕದಲ್ಲಿ ಬರೆಯುತ್ತಿದ್ದೆ. ಶೋ ಬಿಟ್ಟಾಗ ಹೊರಬರುವವರಲ್ಲಿ ಮಾತನಾಡಲು ಒಪ್ಪಿದವರನ್ನು ಮೂರೇ ಪ್ರಶ್ನೆ ಕೇಳುತ್ತಿದ್ದೆ: ಈ ಚಿತ್ರಕ್ಕೆ ಬರಬೇಕೆಂದು ಯಾವಾಗ ತೀರ್ಮಾನಿಸಿದಿರಿ, ಮನೆಯಲ್ಲಿ ಅಥವಾ ಗೆಳೆಯರಲ್ಲಿ ಆ ಮಾತನ್ನು ಮೊದಲು ಎತ್ತಿದವರು ಯಾರು, ವಿಮರ್ಶೆ ಓದಿದ್ದರೆ ಅದು ತೀರ್ಮಾನಕ್ಕೆ ಮೊದಲೋ ಆಮೇಲೋ. "ವಿಮರ್ಶೆ ನೋಡಿ ಬಂದಿರಾ?" ಎಂದು ನೇರವಾಗಿ ಕೇಳಬಾರದೆಂಬುದನ್ನು ಮೊದಲ ವಾರವೇ ಕಲಿತೆ. ಹಾಗೆ ಕೇಳಿದಾಗ ಸೌಜನ್ಯಕ್ಕಾಗಿ ಹೌದೆನ್ನುವವರು ಕೆಲವರು, ಇನ್ನೊಬ್ಬರ ಮಾತು ಕೇಳಿ ಬಂದವರಲ್ಲವೆಂದು ತೋರಿಸಿಕೊಳ್ಳಲು ಇಲ್ಲವೆನ್ನುವವರು ಇನ್ನು ಕೆಲವರು. ಎರಡು ಉತ್ತರಗಳಿಂದಲೂ ತಿಳಿಯುವುದು ಏನೂ ಇಲ್ಲ. ಅಮೆರಿಕದಲ್ಲಿ ಸಿನಿಮಾಸ್ಕೋರ್ ಎಂಬ ಸಂಸ್ಥೆ 1979ರಿಂದ ಬಿಡುಗಡೆಯ ರಾತ್ರಿಯೇ ಪ್ರೇಕ್ಷಕರಿಗೆ ಕಾರ್ಡು ಕೊಟ್ಟು ಚಿತ್ರಕ್ಕೆ ದರ್ಜೆ ಕೇಳುತ್ತ ಬಂದಿದೆ. ನನ್ನದು ಅಂಥ ದೊಡ್ಡ ಸಮೀಕ್ಷೆಯಲ್ಲ, ಒಬ್ಬನೇ ನಿಂತು ಕೇಳಿ ಬರೆದುಕೊಂಡದ್ದು. ಆದರೂ ಮೂರು ವರ್ಷ ಬಿಡದೆ ಮಾಡಿದ್ದರಿಂದ ನನ್ನ ಬರವಣಿಗೆಯ ದಾರಿಯನ್ನು ಅದು ಬದಲಿಸಿತು.

ನನಗೆ ಅತ್ಯಂತ ಆಶ್ಚರ್ಯ ತಂದದ್ದು ಮೂರನೆಯ ಪ್ರಶ್ನೆಯ ಉತ್ತರ. ವಿಮರ್ಶೆ ಓದುತ್ತೇನೆ ಎಂದವರಲ್ಲಿ ಬಹುಪಾಲು ಜನ ಅದನ್ನು ಚಿತ್ರ ನೋಡಿ ಬಂದ ಮೇಲೆ ಓದುತ್ತಿದ್ದರು. ತಮಗೆ ಅನ್ನಿಸಿದ್ದು ಇನ್ನೊಬ್ಬರಿಗೂ ಅನ್ನಿಸಿತೇ, ತಾವು ಗಮನಿಸದ ಏನಾದರೂ ಅದರಲ್ಲಿ ಇತ್ತೇ, ಮನಸ್ಸಿನಲ್ಲಿದ್ದೂ ಮಾತಿಗೆ ಸಿಗದ ಅಸಮಾಧಾನಕ್ಕೆ ಕಾರಣವೇನು ಎಂದು ತಿಳಿಯಲು ಓದುವವರು ಅವರು. ಟಿಕೆಟ್ ಕೊಳ್ಳುವ ಮೊದಲು ಓದುವವರು ಬೇರೆಯೇ ಒಂದು ಗುಂಪು. ಅವರು ಮೊದಲ ಪ್ಯಾರಾ, ಕೊನೆಯ ಪ್ಯಾರಾ ಮತ್ತು ನಕ್ಷತ್ರಗಳ ಸಂಖ್ಯೆಯನ್ನಷ್ಟೇ ನೋಡಿ, ಕಥೆ ಗೊತ್ತಾಗಿಬಿಡಬಾರದೆಂದು ನಡುವಿನದನ್ನು ಬಿಡುತ್ತಿದ್ದರು. ನಾನು ಒಂದೇ ಬರಹದಲ್ಲಿ ಇಬ್ಬರು ಓದುಗರೊಡನೆ ಮಾತನಾಡುತ್ತಿದ್ದೆ. ಇದು ತಿಳಿಯದೆ ಎಷ್ಟೋ ವರ್ಷ ಕಥೆಯ ಸಾರಾಂಶವನ್ನೇ ಮೊದಲ ಪ್ಯಾರಾದಲ್ಲಿ ತುಂಬುತ್ತಿದ್ದುದಕ್ಕೆ ಈಗಲೂ ನನಗೆ ಬೇಸರವಿದೆ.

ನೋಟ್‌ಬುಕ್ ಇಟ್ಟ ಎರಡನೆಯ ವರ್ಷ, ನಾನು ಹೊಗಳಿದ ಚಿತ್ರಗಳು ಒಟ್ಟಿನಲ್ಲಿ ಹೆಚ್ಚು ದಿನ ನಿಲ್ಲುತ್ತವೆ ಎಂಬುದು ಪುಟಗಳಲ್ಲಿ ಕಾಣತೊಡಗಿತು. ಹಳೆಯ ನಂಬಿಕೆ ಮತ್ತೆ ತಲೆಯೆತ್ತಬಹುದಾಗಿದ್ದ ಆ ಹೊತ್ತಿನಲ್ಲಿ ಎಲಿಯಾಶ್‌ಬರ್ಗ್ ಮತ್ತು ಶುಗನ್ ಎಂಬ ಇಬ್ಬರು ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕಣ್ಣಿಗೆ ಬಿತ್ತು. ವಿಮರ್ಶಕರು ಪ್ರೇಕ್ಷಕರನ್ನು ಪ್ರಭಾವಿಸುತ್ತಾರೋ ಅಥವಾ ಪ್ರೇಕ್ಷಕರ ಒಲವನ್ನು ಮುಂಚಿತವಾಗಿ ಊಹಿಸುತ್ತಾರೋ ಎಂಬುದೇ ಅವರ ಪ್ರಶ್ನೆ. ವಿಮರ್ಶೆಗೆ ನಿಜವಾದ ಪ್ರಭಾವವಿದ್ದರೆ ಅದು ಮೊದಲ ವಾರಗಳಲ್ಲೇ ಕಾಣಬೇಕು, ಏಕೆಂದರೆ ಆಗ ನೋಡಿ ಬಂದವರ ಬಾಯಿಮಾತು ಇನ್ನೂ ಹರಡಿರುವುದಿಲ್ಲ. ಆದರೆ ಅವರು ಕಂಡದ್ದು ಇದಕ್ಕೆ ತಿರುಗುಮುರುಗು: ವಿಮರ್ಶೆಗೂ ಗಳಿಕೆಗೂ ಸಂಬಂಧವಿದ್ದದ್ದು ತಡವಾದ ವಾರಗಳಲ್ಲಿ ಮತ್ತು ಒಟ್ಟು ಮೊತ್ತದಲ್ಲಿ, ಆರಂಭದ ವಾರಗಳಲ್ಲಿ ಗಣನೀಯವಾದದ್ದು ಕಾಣಲಿಲ್ಲ. ನನ್ನ ಪುಟಗಳನ್ನು ತಿರುವಿದರೆ ಅಲ್ಲಿಯೂ ಅದೇ ಇತ್ತು. ಬಿಡುಗಡೆಯ ದಿನದ ಶೋಗಳಿಗೂ ನನ್ನ ಅಭಿಪ್ರಾಯಕ್ಕೂ ಹೊಂದಿಕೆಯೇ ಇರಲಿಲ್ಲ. ಎರಡನೆಯ ಶುಕ್ರವಾರದ ಶೋಗಳಿಗೆ ಹೊಂದಿಕೆಯಿತ್ತು. ನನಗೆ ಹಿಡಿಸಿದ್ದು ಜನರಿಗೂ ಹಿಡಿಸಿತ್ತು, ಅವರು ಅದನ್ನು ತಮ್ಮವರಿಗೆ ಹೇಳಿದ್ದರು, ಅಷ್ಟೆ.

ಹಾಗಾದರೆ ಪ್ರಭಾವ ಸೊನ್ನೆಯೇ? ನನ್ನ ಎರಡನೆಯ ಪ್ರಶ್ನೆ ಇದಕ್ಕೆ ಬೇರೆಯ ಉತ್ತರ ಕೊಟ್ಟಿತು. ಚಿತ್ರಕ್ಕೆ ಒಬ್ಬರೇ ಹೋಗುವವರು ಕಡಿಮೆ. ದಂಪತಿಗಳು, ಸಂಸಾರ, ಗೆಳೆಯರ ಗುಂಪು ಸೇರಿ ತೀರ್ಮಾನಿಸುವ ವಿಷಯ ಅದು. ಗುಂಪಿನಲ್ಲಿ ಒಬ್ಬರು ಒಂದು ಚಿತ್ರದ ಹೆಸರು ಹೇಳುತ್ತಾರೆ, ಇನ್ನೊಬ್ಬರು "ಚೆನ್ನಾಗಿಲ್ಲವಂತೆ" ಎನ್ನುತ್ತಾರೆ, ಮಾತು ಮುಂದಿನ ಚಿತ್ರಕ್ಕೆ ಹೊರಳುತ್ತದೆ. ಹೊಗಳಿಕೆಗೆ ಈ ಬಲವಿಲ್ಲ. "ಚೆನ್ನಾಗಿದೆಯಂತೆ" ಎಂದರೆ ಉಳಿದ ಮೂವರೂ ಒಪ್ಪಬೇಕು, "ಚೆನ್ನಾಗಿಲ್ಲವಂತೆ" ಎಂದರೆ ಒಬ್ಬರ ಮಾತೇ ಸಾಕು. ಬಸುರಾಯ್, ಚಟರ್ಜಿ ಮತ್ತು ರವಿದ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದಾಗ ನನ್ನ ಈ ಅನಿಸಿಕೆಗೆ ಆಧಾರ ಸಿಕ್ಕಿತು. ಒಳ್ಳೆಯ ವಿಮರ್ಶೆ ಮಾಡುವ ಉಪಕಾರಕ್ಕಿಂತ ಕೆಟ್ಟ ವಿಮರ್ಶೆ ಮಾಡುವ ಹಾನಿ ದೊಡ್ಡದು, ಆದರೆ ಈ ವ್ಯತ್ಯಾಸ ಮೊದಲ ವಾರಕ್ಕಷ್ಟೇ ಸೀಮಿತ ಎಂದು ಅವರು ತೋರಿಸಿದ್ದರು. ಜನಪ್ರಿಯ ತಾರೆಯರು ಮತ್ತು ದೊಡ್ಡ ಬಂಡವಾಳ ಕೆಟ್ಟ ವಿಮರ್ಶೆ ಪಡೆದ ಚಿತ್ರಗಳ ಗಳಿಕೆಯನ್ನು ಎತ್ತಿ ಹಿಡಿಯುತ್ತವೆ ಎಂಬುದೂ ಅದರಲ್ಲಿತ್ತು. ಬುಧವಾರವೇ ಟಿಕೆಟ್ ತೆಗೆಸಿದ್ದ ಆ ಹಿರಿಯರು ನನಗೆ ಮತ್ತೆ ನೆನಪಾದರು.

ಇಷ್ಟು ತಿಳಿದ ಮೇಲೆ ನನ್ನ ಗಮನ ಸಣ್ಣ ಚಿತ್ರಗಳ ಕಡೆ ತಿರುಗಿತು. ಪತ್ರಿಕೆಯಲ್ಲಿ ಜಾಗವಿಲ್ಲದೆ ಕೆಲವು ವಿಮರ್ಶೆಗಳು ಎರಡು ಮೂರು ದಿನ ತಡವಾಗಿ ಬರುತ್ತಿದ್ದವು. ಮೊದಲು ಇದಕ್ಕಾಗಿ ಸಂಪಾದಕರೊಡನೆ ವಾದಿಸುತ್ತಿದ್ದವನು ಈಗ ಆ ತಡವನ್ನೇ ಅಳತೆಗೆ ಬಳಸಿದೆ. ವಿಮರ್ಶೆ ಬಿಡುಗಡೆಗೆ ಮೊದಲು ಬಂದ ಸಣ್ಣ ಚಿತ್ರಗಳನ್ನೂ ಮೊದಲ ವಾರಾಂತ್ಯ ಕಳೆದ ಮೇಲೆ ಬಂದವುಗಳನ್ನೂ ಬೇರೆಬೇರೆ ಪುಟಗಳಲ್ಲಿ ಇಟ್ಟು ನೋಡಿದೆ. ರೈನ್‌ಸ್ಟೈನ್ ಮತ್ತು ಸ್ನೈಡರ್ 2005ರಲ್ಲಿ ಅಮೆರಿಕದ ದೂರದರ್ಶನದ ಹೆಸರಾಂತ ವಿಮರ್ಶಕ ಜೋಡಿ ಜೀನ್ ಸಿಸ್ಕಲ್ ಮತ್ತು ರೋಜರ್ ಈಬರ್ಟ್ ಅವರ ವಿಮರ್ಶೆಗಳನ್ನು ಇದೇ ಉಪಾಯದಿಂದ ಪರೀಕ್ಷಿಸಿದ್ದರು ಎಂಬುದು ಆಮೇಲೆ ತಿಳಿಯಿತು. ಒಟ್ಟು ಚಿತ್ರಗಳ ಮೇಲೆ ಪ್ರಭಾವ ದುರ್ಬಲವಾಗಿದ್ದರೂ, ಕಡಿಮೆ ಚಿತ್ರಮಂದಿರಗಳಲ್ಲಿ ತೆರೆಕಂಡ ಚಿತ್ರಗಳಲ್ಲಿ ಮತ್ತು ಗಂಭೀರ ಕಥಾವಸ್ತುವಿನ ಚಿತ್ರಗಳಲ್ಲಿ ಮೆಚ್ಚುಗೆಯ ವಿಮರ್ಶೆ ಎದ್ದು ಕಾಣುವಂತೆ ಕೆಲಸ ಮಾಡಿತ್ತು. ಕಾರಣ ಸರಳ. ದೊಡ್ಡ ಚಿತ್ರದ ಪರವಾಗಿ ಟ್ರೇಲರ್, ಹಾಡು, ಪೋಸ್ಟರ್, ತಾರೆಯ ಸಂದರ್ಶನ ಎಲ್ಲವೂ ಮಾತನಾಡಿರುತ್ತವೆ. ಅವುಗಳ ನಡುವೆ ನನ್ನದು ಇನ್ನೊಂದು ದನಿ. ಸಣ್ಣ ಚಿತ್ರದ ಪರವಾಗಿ ಮಾತನಾಡುವವರು ಬೇರೆ ಯಾರೂ ಇರುವುದಿಲ್ಲ. ಅಂಥ ಒಂದು ಚಿತ್ರಕ್ಕೆ ದಿನಕ್ಕೆ ಒಂದೇ ಶೋ ಇದ್ದಾಗ ಗುರುವಾರವೇ ವಿಮರ್ಶೆ ಪ್ರಕಟವಾಯಿತು; ಭಾನುವಾರ ಬಾಗಿಲಲ್ಲಿ ನಿಂತು ಕೇಳಿದರೆ, ಆ ಹೆಸರಿನ ಚಿತ್ರವೊಂದಿದೆ ಎಂದು ತಿಳಿದದ್ದೇ ವಿಮರ್ಶೆಯಿಂದ ಎಂದು ಒಬ್ಬರ ನಂತರ ಒಬ್ಬರು ಹೇಳಿದರು. ಅವರ ಅಭಿಪ್ರಾಯವನ್ನು ನಾನು ಬದಲಿಸಿರಲಿಲ್ಲ. ಅವರಿಗೆ ಸುದ್ದಿ ಮುಟ್ಟಿಸಿದ್ದೆ.

ನಕ್ಷತ್ರಗಳ ವಿಷಯವನ್ನು ಇಲ್ಲಿ ಹೇಳದೆ ಇರಲಾರೆ. ಒಮ್ಮೆ ನಾನು ಎರಡೂವರೆ ನಕ್ಷತ್ರ ಕೊಟ್ಟು ಕಳುಹಿಸಿದ ವಿಮರ್ಶೆ ಅಚ್ಚಾಗುವಾಗ ಮೂರೂವರೆ ಆಗಿತ್ತು. ನನ್ನನ್ನು ಯಾರೂ ಕೇಳಿರಲಿಲ್ಲ, ಬರಹದ ಒಂದಕ್ಷರವೂ ಬದಲಾಗಿರಲಿಲ್ಲ. ಆ ವಾರ ಬಂದ ಪತ್ರಗಳೆಲ್ಲ, ಇಂಥ ಚಿತ್ರವನ್ನು ನೀವು ಹೇಗೆ ಮೆಚ್ಚಿದಿರಿ ಎಂದು ಆಕ್ಷೇಪಿಸಿದವು. ಎರಡನೆಯ ಅರ್ಧ ಕುಸಿಯುತ್ತದೆ ಎಂದು ಬರಹದಲ್ಲಿ ಸ್ಪಷ್ಟವಾಗಿಯೇ ಹೇಳಿದ್ದೆ, ಆದರೆ ಅದನ್ನು ಓದಿದವರು ಪತ್ರ ಬರೆದವರಲ್ಲಿ ಇರಲಿಲ್ಲ. ಅಂಕಿಯನ್ನು ನಂಬುವ ಓದುಗರನ್ನು ನಾನು ದೂರುವುದಿಲ್ಲ, ಅವರಿಗೆ ಸಮಯವಿಲ್ಲ. ಆದರೆ ಅಂಕಿ ಏನನ್ನು ಅಳೆಯುತ್ತಿದೆ ಎಂಬುದು ಅವರಿಗೆ ತಿಳಿದಿರಬೇಕು. ವಿಮರ್ಶೆಗಳನ್ನು ಒಟ್ಟುಗೂಡಿಸುವ, 1998ರಲ್ಲಿ ಆರಂಭವಾದ ರಾಟನ್ ಟೊಮ್ಯಾಟೋಸ್ ಜಾಲತಾಣ ತೋರಿಸುವ ಶೇಕಡಾವಾರು, ಎಷ್ಟು ವಿಮರ್ಶಕರು ಚಿತ್ರವನ್ನು ಒಪ್ಪಿದರು ಎಂಬ ಎಣಿಕೆಯೇ ಹೊರತು ಎಷ್ಟು ಮೆಚ್ಚಿದರು ಎಂಬ ಅಳತೆಯಲ್ಲ. ಎಲ್ಲರೂ "ಪರವಾಗಿಲ್ಲ, ನೋಡಬಹುದು" ಎಂದ ಚಿತ್ರಕ್ಕೆ ಅಲ್ಲಿ 100 ಸಿಗಬಹುದು. ಅರ್ಧದಷ್ಟು ಜನ ಮೈಮರೆತು ಹೊಗಳಿ ಉಳಿದರ್ಧ ತಿರಸ್ಕರಿಸಿದ ಚಿತ್ರ, ಒಳ್ಳೆಯದೆಂದು ಆ ತಾಣ ಗುರುತಿಸಲು ಬೇಕಾದ 60ರ ಗೆರೆಯ ಕೆಳಗೆ ಬೀಳುತ್ತದೆ. ನಾನು ಜೀವಮಾನವಿಡೀ ನೆನಪಿಟ್ಟುಕೊಂಡ ಚಿತ್ರಗಳಲ್ಲಿ ಹಲವು ಎರಡನೆಯ ಬಗೆಯವು.

ಬರವಣಿಗೆಯ ಮಟ್ಟಿಗೆ ನನ್ನ ಕಣ್ಣು ತೆರೆಸಿದ್ದು ಒಬ್ಬ ಮಹಿಳೆಯ ಮಾತು. ಬಹಳ ನಿಧಾನವಾಗಿ ಸಾಗುವ, ಮಾತು ಕಡಿಮೆಯಿರುವ ಚಿತ್ರವೊಂದನ್ನು ನಾನು ಮೆಚ್ಚಿರಲಿಲ್ಲ. ಹೊರಬಂದ ಅವರನ್ನು ಕೇಳಿದಾಗ, "ವಿಮರ್ಶೆ ಓದಿಯೇ ಬಂದೆ. ಹತ್ತು ನಿಮಿಷ ಯಾರೂ ಮಾತನಾಡದ ದೃಶ್ಯವಿದೆ ಎಂದು ಅವರು ಬೇಸರದಿಂದ ಬರೆದಿದ್ದರು. ನನಗೆ ಬೇಕಾದದ್ದೇ ಅದು" ಎಂದರು. ನನ್ನ ತೀರ್ಪು ಅವರನ್ನು ತಡೆಯಬೇಕಿತ್ತು, ನನ್ನ ವರ್ಣನೆ ಅವರನ್ನು ಕರೆತಂದಿತ್ತು. ಅಂದಿನಿಂದ, ನನಗೆ ಹಿಡಿಸದ್ದನ್ನು ಹೇಳುವಾಗಲೂ ಅದು ಏನೆಂಬುದನ್ನು ಇನ್ನೊಬ್ಬರು ತಮ್ಮ ರುಚಿಗೆ ಒರೆಹಚ್ಚಿ ನೋಡುವಂತೆ ಬರೆಯಬೇಕೆಂದು ನಿಶ್ಚಯಿಸಿದೆ. "ನಿರೂಪಣೆ ಸಡಿಲವಾಗಿದೆ" ಎಂದು ಬರೆದು ಬಿಟ್ಟರೆ ಓದುಗರ ಕೈಗೆ ಏನೂ ಸಿಗುವುದಿಲ್ಲ. ಮುಖ್ಯ ಘಟನೆ ಮಧ್ಯಂತರದ ತನಕ ನಡೆಯುವುದೇ ಇಲ್ಲ ಎಂದರೆ ಸಿಗುತ್ತದೆ. ಇದರ ಜೊತೆಗೆ ಇನ್ನೊಂದನ್ನೂ ಗಮನಿಸಿದೆ. ವರ್ಷಗಟ್ಟಲೆ ನನ್ನನ್ನು ಓದಿದವರಲ್ಲಿ ಕೆಲವರು, ನನಗೆ ಹಿಡಿಸಿದ ಹಾಸ್ಯಚಿತ್ರ ತಮಗೆ ಹಿಡಿಸುವುದಿಲ್ಲವೆಂದೂ ನಾನು ಬೈದ ಸಾಹಸಚಿತ್ರ ತಪ್ಪದೆ ಹಿಡಿಸುತ್ತದೆಂದೂ ಲೆಕ್ಕ ಹಾಕಿಟ್ಟುಕೊಂಡಿದ್ದರು. ಅವರಿಗೆ ನಾನು ಸರಿಯಾಗಿರಬೇಕಾಗಿರಲಿಲ್ಲ, ಒಂದೇ ತೆರನಾಗಿದ್ದರೆ ಸಾಕಾಗಿತ್ತು. ಗಾಳಿ ಬಂದತ್ತ ತೂರಿಕೊಂಡು, ಜನ ಮೆಚ್ಚಬಹುದೆಂದು ಊಹಿಸಿ ಬರೆಯುವ ವಿಮರ್ಶಕ ಈ ಓದುಗರಿಗೆ ಮಾಡುವಷ್ಟು ಅನ್ಯಾಯವನ್ನು ಬೇರೆ ಯಾರಿಗೂ ಮಾಡುವುದಿಲ್ಲ.

ಪ್ರಭಾವ ಎದುರು ದಿಕ್ಕಿನಲ್ಲಿಯೂ ಹರಿಯುತ್ತದೆ. 1967ರಲ್ಲಿ 'ಬಾನಿ ಆ್ಯಂಡ್ ಕ್ಲೈಡ್' ಎಂಬ ಅಮೆರಿಕನ್ ಚಿತ್ರ ತೆರೆಕಂಡಾಗ ನ್ಯೂಸ್‌ವೀಕ್ ವಾರಪತ್ರಿಕೆಯ ವಿಮರ್ಶಕ ಜೋ ಮಾರ್ಗನ್‌ಸ್ಟರ್ನ್ ಅದನ್ನು ತೆಗಳಿ ಬರೆದರು. ಆಮೇಲೆ ಸಾಮಾನ್ಯ ಪ್ರೇಕ್ಷಕರ ನಡುವೆ ಅದನ್ನು ಮತ್ತೊಮ್ಮೆ ನೋಡಿ, ಮರುವಾರದ ಸಂಚಿಕೆಯಲ್ಲಿ ತಮ್ಮ ಮೊದಲ ವಿಮರ್ಶೆ ತಪ್ಪೆಂದು ಒಪ್ಪಿಕೊಂಡು ಹೊಸದಾಗಿ ಬರೆದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ವಿಮರ್ಶಕಿ ಪಾಲಿನ್ ಕೇಲ್ ಆ ಚಿತ್ರವನ್ನು ಸಮರ್ಥಿಸಿ ನ್ಯೂಯಾರ್ಕರ್ ಪತ್ರಿಕೆಯಲ್ಲಿ ದೀರ್ಘ ಲೇಖನ ಬರೆದರು. ಮುಂದೆ ಮರುಬಿಡುಗಡೆಯಾದ ಚಿತ್ರ ದೊಡ್ಡ ಯಶಸ್ಸು ಕಂಡಿತು. ಪತ್ರಿಕಾ ಪ್ರದರ್ಶನದ ಅರೆಖಾಲಿ ಸಭಾಂಗಣದಲ್ಲಿ ಹತ್ತಿಪ್ಪತ್ತು ವಿಮರ್ಶಕರ ಜೊತೆ ಹಾಸ್ಯಚಿತ್ರ ನೋಡಿದಾಗಲೆಲ್ಲ ನನಗೆ ಮಾರ್ಗನ್‌ಸ್ಟರ್ನ್ ನೆನಪಾಗುತ್ತಾರೆ. ಈಗ ಹಾಸ್ಯ ಮತ್ತು ಭಯಾನಕ ಚಿತ್ರಗಳನ್ನು ಸಾಧ್ಯವಾದಷ್ಟು ಟಿಕೆಟ್ ಕೊಂಡು, ತುಂಬಿದ ಶೋದಲ್ಲಿಯೇ ನೋಡುತ್ತೇನೆ.

ಬಿಡುಗಡೆಗೆ ಮೊದಲು ವಿಮರ್ಶಕರಿಗೆ ತೋರಿಸದೆ ಬರುವ ಚಿತ್ರಗಳ ವಿಷಯದಲ್ಲಿಯೂ ನನ್ನ ನಡವಳಿಕೆ ಬದಲಾಗಿದೆ. ಹಿಂದೆ ಅವುಗಳ ಬಗ್ಗೆ ಸೋಮವಾರ ನಾಲ್ಕು ಸಾಲು ಬರೆದು ಕೈತೊಳೆದುಕೊಳ್ಳುತ್ತಿದ್ದೆ. 2000ದಿಂದ 2009ರ ನಡುವೆ ಅಮೆರಿಕದಲ್ಲಿ ವ್ಯಾಪಕವಾಗಿ ತೆರೆಕಂಡ 1,300ಕ್ಕೂ ಹೆಚ್ಚು ಚಿತ್ರಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಹೀಗೆ ವಿಮರ್ಶಕರಿಂದ ಮರೆಮಾಡಿದ ಚಿತ್ರಗಳು ಅದರಿಂದ ಗಣನೀಯವಾಗಿ ಹೆಚ್ಚು ಗಳಿಸಿದವು ಎಂದು ಅದು ಕಂಡುಕೊಂಡಿತು. ತೋರಿಸದೆ ಇರುವುದಕ್ಕೆ ಕಾರಣವಿದ್ದೀತು ಎಂದು ಎಲ್ಲ ಪ್ರೇಕ್ಷಕರೂ ಅನುಮಾನಿಸುವುದಿಲ್ಲ ಎಂಬುದು ಆ ಸಂಶೋಧಕರ ವಿವರಣೆ. ಆದ್ದರಿಂದ, ಮುಂಚಿತ ಪ್ರದರ್ಶನವಿಲ್ಲದ ಚಿತ್ರಗಳ ಹೆಸರುಗಳನ್ನು ಗುರುವಾರದ ಅಂಕಣದ ಕೊನೆಯಲ್ಲಿ, ಒಂದು ಮಾತೂ ಸೇರಿಸದೆ, ಇವನ್ನು ವಿಮರ್ಶಕರಿಗೆ ತೋರಿಸಿಲ್ಲ ಎಂದಷ್ಟೇ ಪ್ರಕಟಿಸುವಂತೆ ಸಂಪಾದಕರನ್ನು ಒಪ್ಪಿಸಿದೆ. ಅದೇ ಅಂಕಣದ ಮೊದಲ ಜಾಗ ಈಗ ಆ ವಾರದ ಅತ್ಯಂತ ಕಡಿಮೆ ಶೋಗಳ ಚಿತ್ರಕ್ಕೆ ಮೀಸಲು. ದೊಡ್ಡ ತಾರೆಯ ಚಿತ್ರದ ವಿಮರ್ಶೆ ಎರಡು ದಿನ ತಡವಾದರೆ ನಾನೀಗ ಯಾರೊಡನೆಯೂ ವಾದಿಸುವುದಿಲ್ಲ. ಅದನ್ನು ನೋಡಿ ಬಂದವರು ಓದುತ್ತಾರೆ, ಅವರಿಗಾಗಿ ಕಥೆಯ ತಿರುವುಗಳನ್ನೂ ಬಿಚ್ಚಿಟ್ಟು ಇನ್ನಷ್ಟು ದೀರ್ಘವಾಗಿ ಬರೆಯುತ್ತೇನೆ.