ಯುದ್ಧಾನಂತರದ ಜಪಾನನ್ನು ಛಾಯಾಚಿತ್ರಗಳಲ್ಲಿ ಓದುವ ಕ್ರಮ

ಎರಡನೆಯ ಮಹಾಯುದ್ಧದ ನಂತರ ಬದಲಾದ ಜಪಾನನ್ನು ಅಲ್ಲಿನ ಛಾಯಾಚಿತ್ರಗಳ ಮೂಲಕ ಅರಿಯಬಯಸುವವರು ಬಿಡಿ ಚಿತ್ರಗಳಿಂದ ಆರಂಭಿಸದಿರುವುದು ಒಳ್ಳೆಯದು. ಆ ಕಾಲದ ಛಾಯಾಗ್ರಾಹಕರು ಪತ್ರಿಕೆಗಳನ್ನೂ ಪುಸ್ತಕಗಳನ್ನೂ ಬಹುವಾಗಿ ನೆಚ್ಚಿಕೊಂಡಿದ್ದರಿಂದ, ಒಂದು ಚಿತ್ರದ ಅರ್ಥವು ಅದರ ಹಿಂದುಮುಂದಿನ ಪುಟಗಳಲ್ಲಿಯೂ ಹರಡಿಕೊಂಡಿರುತ್ತದೆ. ಸಾಧ್ಯವಾದರೆ ಇಡೀ ಪುಸ್ತಕವನ್ನೇ ನೋಡಬೇಕು. ಲಂಬವಾಗಿ ಅಚ್ಚಾದ ಬರಹವಿರುವ ಜಪಾನೀ ಪುಸ್ತಕವನ್ನು ಸಾಮಾನ್ಯವಾಗಿ ನಮ್ಮ ಲೆಕ್ಕದ ಕೊನೆಯ ಪುಟದಿಂದ ತೆರೆಯಬೇಕಾಗುತ್ತದೆ ಎಂಬುದನ್ನು ಮರೆತರೆ ಕಥನವೇ ತಲೆಕೆಳಗಾದೀತು.

ಪ್ರತಿ ಚಿತ್ರಕ್ಕೂ ಎರಡು ಇಸವಿಗಳನ್ನು ಗುರುತು ಹಾಕಿಕೊಳ್ಳಿ: ತೆಗೆದದ್ದು ಯಾವಾಗ, ಅಚ್ಚಾದದ್ದು ಯಾವಾಗ. 1952ರವರೆಗೆ ಜಪಾನು ಮಿತ್ರರಾಷ್ಟ್ರಗಳ ಸೇನಾ ಹಿಡಿತದಲ್ಲಿತ್ತು. ಆ ಆಡಳಿತವು ಹೇರಿದ್ದ ಸೆನ್ಸಾರ್‌ನಿಂದಾಗಿ, 1945ರಲ್ಲಿ ಹಿರೋಶಿಮಾ ಮತ್ತು ನಾಗಸಾಕಿಗಳಲ್ಲಿ ತೆಗೆದ ಅನೇಕ ಚಿತ್ರಗಳು ಜನಸಾಮಾನ್ಯರ ಕಣ್ಣಿಗೆ ಬಿದ್ದದ್ದು 1952ರ ಆಗಸ್ಟ್‌ನಲ್ಲಿ, ‘ಅಸಾಹಿ ಗ್ರಾಫ್’ ಪತ್ರಿಕೆಯು ಅವುಗಳನ್ನು ಪ್ರಕಟಿಸಿದಾಗ. ಈ ಏಳು ವರ್ಷಗಳ ಅಂತರವನ್ನೂ ಚಿತ್ರದ ಭಾಗವೆಂದೇ ಎಣಿಸಬೇಕು.

ಕಾಗದವನ್ನೂ ಗಮನಿಸಿ. ಛಾಯಾಗ್ರಾಹಕ ದೋಮೊನ್ ಕೆನ್ 1960ರಲ್ಲಿ ಹೊರತಂದ ‘ಚಿಕುಹೋದ ಮಕ್ಕಳು’ ಇದಕ್ಕೆ ಉತ್ತಮ ಪಾಠ. ಇಂಧನವಾಗಿ ಪೆಟ್ರೋಲಿಯಂ ತೈಲವು ಕಲ್ಲಿದ್ದಲಿನ ಜಾಗವನ್ನು ಹಿಡಿಯುತ್ತಿದ್ದಾಗ ಕ್ಯೂಶೂ ದ್ವೀಪದ ಚಿಕುಹೋ ಪ್ರದೇಶದ ಕಲ್ಲಿದ್ದಲು ಗಣಿಗಳು ಮುಚ್ಚತೊಡಗಿದವು. ಕೆಲಸ ಕಳೆದುಕೊಂಡ ಕುಟುಂಬಗಳ ಮಕ್ಕಳನ್ನು ಚಿತ್ರಿಸಿದ ದೋಮೊನ್, ಬಡವರೂ ಕೊಳ್ಳುವಂತಾಗಲೆಂದು ಪುಸ್ತಕವನ್ನು ಒರಟು ಕಾಗದದಲ್ಲಿ ಮುದ್ರಿಸಿ 100 ಯೆನ್‌ಗೆ ಮಾರಿಸಿದರು. ನುಣುಪು ಕಾಗದದ ಮರುಮುದ್ರಣದಲ್ಲಿ ಈ ನಿಲುವು ಕಾಣುವುದಿಲ್ಲ.

ಇನ್ನು ಚಿತ್ರದ ಕೆಳಗಿನ ಬರಹ. ಛಾಯಾಗ್ರಾಹಕ ತೋಮಾತ್ಸು ಶೋಮೆಯ್ ನಾಗಸಾಕಿಯಲ್ಲಿ ತೆಗೆದ, ಬಾಂಬಿನ ಬಿಸಿಗೆ ಕರಗಿದ ಬಾಟಲಿಯ ಚಿತ್ರವನ್ನು ನೋಡುವಾಗ ಆ ಸಾಲನ್ನು ಮೊದಲು ಕೈಯಿಂದ ಮುಚ್ಚಿಕೊಳ್ಳಿ. ಚರ್ಮ ಸುಲಿದ ಪ್ರಾಣಿಯಂತೆ ಅದು ತೋರುತ್ತದೆ. ಆಮೇಲೆ ಕೈ ತೆಗೆದು ಓದಿದಾಗ, ಅದು ಬಾಟಲಿಯೆಂದು ತಿಳಿದರೂ ಕಣ್ಣು ಆ ದೇಹವನ್ನು ಬಿಟ್ಟುಕೊಡುವುದಿಲ್ಲ. ನನ್ನ ಮಟ್ಟಿಗೆ, ಘೋರವಾದ ಗಾಯಗಳ ಅನೇಕ ನೇರ ಚಿತ್ರಗಳಿಗಿಂತ ಇದು ಹೆಚ್ಚು ಹೇಳುತ್ತದೆ.

1968–69ರಲ್ಲಿ ಮೂರೇ ಸಂಚಿಕೆಗಳಾಗಿ ಬಂದ ‘ಪ್ರೊವೋಕ್’ ಎಂಬ ಛಾಯಾಚಿತ್ರ ಪತ್ರಿಕೆಯನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿನ ಒರಟು ಕಣಗಳು, ಅಲುಗಾಟ ಮತ್ತು ಮಸುಕು ಉದ್ದೇಶಪೂರ್ವಕವಾದವು. ಸ್ಕ್ಯಾನಿನ ದೋಷವೆಂದು ಭಾವಿಸಿ ಅವನ್ನು ಕಂಪ್ಯೂಟರಿನಲ್ಲಿ ತಿದ್ದಲು ಹೋಗಬಾರದು.