ವೇಲ್ಸ್ ಗುಡ್ಡಗಳಲ್ಲಿ ಕಲ್ಲುಗುಪ್ಪೆ ಹುಡುಕಿದ್ದು

ಮೊದಲ ಸಲ ಮೋಸಹೋದೆ. ಬ್ರೆಕನ್ ಬೀಕನ್ಸ್ ಬೆಟ್ಟಸಾಲಿನ ಒಂದು ತುದಿಯಲ್ಲಿ ದೊಡ್ಡ ಕಲ್ಲುಗುಪ್ಪೆ ಕಂಡಿತು. ಕಂಚಿನ ಯುಗದ ಸಮಾಧಿ ಅಂತ ಖುಷಿಯಿಂದ ಹತ್ತಾರು ಫೋಟೋ ತೆಗೆದೆ. ಅದು ಚಾರಣಿಗರು ದಾರಿ ಗುರುತಿಗೆ ಪೇರಿಸಿದ್ದು ಅಂತ ಆಮೇಲೆ ಗೊತ್ತಾಯಿತು. ನನ್ನ ಮಗಳಿಗಿಂತ ಚಿಕ್ಕ ವಯಸ್ಸಿನದೇ ಇರಬೇಕು!

ಈ ಹುಚ್ಚು ಹತ್ತಿದ್ದು ವೇಲ್ಸ್ ರಾಜಧಾನಿ ಕಾರ್ಡಿಫ್‌ನಲ್ಲಿ. ನಮ್ಮದು ಚಿತ್ರದುರ್ಗದ ಕಡೆ. 1947ರಲ್ಲಿ ಬ್ರಹ್ಮಗಿರಿಯ ಕಲ್ಲುಗೋರಿಗಳನ್ನು ಅಗೆಸಿದ ಪುರಾತತ್ವಜ್ಞ ಮಾರ್ಟಿಮರ್ ವೀಲರ್, 1920ರ ದಶಕದಲ್ಲಿ ಇಲ್ಲಿನ ರಾಷ್ಟ್ರೀಯ ಮ್ಯೂಸಿಯಂ ನಿರ್ದೇಶಕರಾಗಿದ್ದರಂತೆ. ಅದನ್ನು ಓದಿದ ಮೇಲೆ ಸುಮ್ನೆ ಕೂರಲಾಗಲಿಲ್ಲ.

ಈಗ ಮನೆಯಲ್ಲೇ ಅರ್ಧ ಕೆಲಸ ಮುಗಿಸುತ್ತೇನೆ. ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್ನನ್ಸ್ ಸರ್ವೆಯ 1:25,000 ನಕ್ಷೆ ಹರಡಿಕೊಂಡು ಅಕ್ಷರದ ಆಕಾರ ನೋಡುತ್ತೇನೆ. 'ಕೇರ್ನ್' ಅಂತ ಸಾದಾ ಅಕ್ಷರದಲ್ಲಿದ್ದರೆ ಬರೀ ಕಲ್ಲುಗುಪ್ಪೆ. ಹಳೇ ಬೈಬಲ್ಲಿನಂಥ ಗೋಥಿಕ್ ಅಕ್ಷರದಲ್ಲಿದ್ದರೆ ಪುರಾತನದ್ದು. ಇಷ್ಟು ಸಣ್ಣ ವಿಷಯ ಯಾರೂ ಹೇಳಿರಲಿಲ್ಲ. ಆಮೇಲೆ ಕೊವ್ಲೈನ್ ಅನ್ನುವ ವೇಲ್ಸ್ ಸ್ಮಾರಕಗಳ ಆನ್‌ಲೈನ್ ದಾಖಲೆಯಲ್ಲಿ ಅದೇ ಜಾಗ ಹುಡುಕುತ್ತೇನೆ. ಊರು-ಬೆಟ್ಟಗಳ ಹೆಸರೂ ಸುಳಿವು ಕೊಡುತ್ತದೆ. ವೆಲ್ಷ್‌ನಲ್ಲಿ 'ಕಾರ್ನ್', 'ಕಾರ್ನೆಡ್' ಅಂದರೆ ಕಲ್ಲುಗುಪ್ಪೆಯೇ.

ಬೇಸಿಗೆಯಲ್ಲಿ ಜರಿಗಿಡ ಸೊಂಟದೆತ್ತರ ಬೆಳೆದು ಎಲ್ಲ ಮುಚ್ಚಿಬಿಡುತ್ತದೆ. ಹಾಗಾಗಿ ನಾನು ಹೋಗುವುದು ಮಾರ್ಚ್ ಹೊತ್ತಿಗೆ. ಬಿಸಿಲು ಓರೆಯಾಗಿ ಬಿದ್ದರೆ ತಗ್ಗಾದ ದಿಬ್ಬವೂ ಎದ್ದು ಕಾಣುತ್ತದೆ.

ಬ್ರೆಕನ್ ಬೀಕನ್ಸ್‌ನ ಪೆನ್ ಇ ವಾನ್ ಬೆಟ್ಟದ ತುದಿಯಲ್ಲೂ ಒಂದು ಸಮಾಧಿ ಇದೆ. 886 ಮೀಟರ್ ಎತ್ತರ, ಭಾನುವಾರ ಜಾತ್ರೆ. ಫೋಟೋಗೆ ಸಾಲು ನಿಂತವರಿಗೆ ಕಾಲ ಕೆಳಗೆ ಏನಿದೆ ಅಂತಲೇ ಗೊತ್ತಿಲ್ಲ. ನನಗೆ ಜಾಸ್ತಿ ಇಷ್ಟವಾಗಿದ್ದು ವಾನ್ ವೊಯ್ಲ್ ಬೆಟ್ಟದ ಗೋರಿ. ಅಲ್ಲಿ ಅಗೆದಾಗ ಸುಟ್ಟ ಎಲುಬು, ಮಡಕೆಯ ಜೊತೆ ಮೆಡೋಸ್ವೀಟ್ ಹೂವಿನ ಪರಾಗವೂ ಸಿಕ್ಕಿತು. ಸುಮಾರು 4,000 ವರ್ಷದ ಹಿಂದೆ ಯಾರೋ ಹೂವಿಟ್ಟು ಕಳಿಸಿದ್ದಾರೆ, ಅಲ್ವಾ?

ಹೋದ ವರ್ಷ ಹಾರ್ಲೆಕ್ ಕಡೆಯ ಬ್ರಿನ್ ಕಾಡರ್ ವಾನೆರ್ ಅನ್ನುವ ಕಲ್ಲುಗೋರಿಗೆ ಹೋದೆವು. ದಾರಿಯೆಲ್ಲ ಜೌಗು. ಬೂಟು ವಾಟರ್‌ಪ್ರೂಫ್ ಅಂದುಕೊಂಡಿದ್ದೆ. ಅರ್ಧ ಗಂಟೆಯಲ್ಲಿ ಸಾಕ್ಸ್ ಹಿಂಡಬೇಕಾಯಿತು. ತಲೆ ಎತ್ತಿದರೆ ದಿಣ್ಣೆಯ ಅಂಚಿನಲ್ಲಿ, ಆಕಾಶಕ್ಕೆ ಎದುರಾಗಿ, ಮುಳ್ಳಿನ ಕಿರೀಟ. ತಗ್ಗು ಕಲ್ಲುರಾಶಿಯ ಸುತ್ತ ಚೂಪು ಕಲ್ಲುಗಳು ಹೊರಕ್ಕೆ ವಾಲಿ ನಿಂತಿವೆ. ಹತ್ತಿರ ಹೋದಾಗ ಮಾತ್ರ ಗಾಯ ಕಾಣುತ್ತದೆ: ನಡುವೆ ನಿಧಿಗಳ್ಳರು ತೋಡಿದ ಗುಂಡಿ. ಎರಡನೇ ಮಹಾಯುದ್ಧದ ಹೊತ್ತಿನ ಸೈನಿಕ ತರಬೇತಿಯಲ್ಲೂ ಕೆಲವು ಕಲ್ಲು ಹಾಳಾದವು.

ಪಕ್ಕದಲ್ಲಿ ಕೂತು ಚಿತ್ರಾನ್ನ ತಿಂದೆವು. ಅಷ್ಟರಲ್ಲಿ ಹೆಂಡತಿ ಮೂರು ಕಲ್ಲು ಆರಿಸಿ ಒಂದರ ಮೇಲೊಂದು ಇಡಲು ಶುರುಮಾಡಿದಳು, ನಮ್ಮ ಕಡೆ ಬೆಟ್ಟದ ದೇವರಿಗೆ ಹರಕೆಯ ಮನೆ ಕಟ್ಟುವ ಹಾಗೆ.

"ಬೇಡ ಕಣೇ, ಇದು ಗೋರಿ. ಒಂದು ಕಲ್ಲು ಅಲುಗಿಸಿದರೂ ಕಾನೂನು ಪ್ರಕಾರ ತಪ್ಪು," ಅಂದೆ.

"ಮೊದಲೇ ಹೇಳೋದಲ್ವಾ?" ಅಂದವಳು, ಮೂರನ್ನೂ ಎತ್ತಿದ ಜಾಗದಲ್ಲೇ ಹುಡುಕಿ ಇಟ್ಟಳು.